ಡೆಲ್ಕೋ

ಗ್ಯಾರೇಜಿನ ಮನೆಯಿಂದ ಆಟೋಮೊಬೈಲ್ ಎಂಜಿನಿಯರಿಂಗ್ ಓದಲು ಹೋದವನಿಗೆ ಮೊದಲು ತೊಡಕಾಗುವುದು ಹೆಸರುಗಳು. ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಕಿಡಿಯನ್ನು ಸರದಿಯ ಪ್ರಕಾರ ಒಂದೊಂದು ಸಿಲಿಂಡರಿಗೆ ಹಂಚುವ ಭಾಗವೊಂದಿರುತ್ತಿತ್ತು. ಅಬ್ಬಾ, ಅವರ ಉಸ್ತಾದರು, ಬಿಡಿಭಾಗದ ಅಂಗಡಿಯವರು, ಎಲ್ಲರಿಗೂ ಅದು ‘ಡೆಲ್ಕೋ’. ಕಾಲೇಜಿನ ಪುಸ್ತಕದಲ್ಲಿ ಆ ಪದವೇ ಇಲ್ಲ. ಅಲ್ಲಿ ಅದು ‘ಡಿಸ್ಟ್ರಿಬ್ಯೂಟರ್’. ರಜೆಯಲ್ಲೆಲ್ಲ ಬಿಚ್ಚಿ ಜೋಡಿಸಿದ್ದನ್ನೇ ನಾನು ಎಂದೂ ನೋಡದವನಂತೆ ಬಾಯಿಪಾಠ ಮಾಡಬೇಕಾಯಿತು.

ಡೆಲ್ಕೋ ಎಂಬುದು ಅಮೆರಿಕದ ಡೇಟನ್ ಊರಿನ ಕಂಪನಿಯೊಂದರ ಹೆಸರಿನ ಸಂಕ್ಷಿಪ್ತ ರೂಪವೆಂದು ತಿಳಿದದ್ದು ಬಹಳ ಕಾಲದ ಮೇಲೆ. ಚಾರ್ಲ್ಸ್ ಕೆಟರಿಂಗ್ 1909ರಲ್ಲಿ ಎಡ್ವರ್ಡ್ ಡೀಡ್ಸ್ ಜೊತೆ ಸೇರಿ ಅದನ್ನು ಕಟ್ಟಿದ. 1912ರ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟು, ಹ್ಯಾಂಡಲ್ ತಿರುಗಿಸುವ ಪಾಡು ತಪ್ಪಿಸಿದವನೂ ಅವನೇ. ಗ್ಯಾರೇಜಿನ ಮಾತನ್ನು ಓದಿಲ್ಲದವರ ಮಾತೆಂದು ನಗುತ್ತಿದ್ದ ನನ್ನ ಸಹಪಾಠಿಗಳಿಗೆ ಇದು ಗೊತ್ತಿರಲಿಲ್ಲ. ಆಗ ನನಗೂ ಗೊತ್ತಿರಲಿಲ್ಲವೆನ್ನಿ.

‘ಗ್ಯಾರೇಜು ಮನೆಯಲ್ಲೇ ಇದೆ, ಮತ್ತೆ ಅದನ್ನೇ ಓದುವುದೇನು? ಕಂಪ್ಯೂಟರ್ ತಗೊಳ್ಳಲಿ’ ಎಂದು ನೆಂಟರು ಅಂದಿದ್ದರು. ಓದಿನಿಂದ ಸಿಕ್ಕಿದ್ದೇನೆಂದು ಒಂದು ಉದಾಹರಣೆ ಹೇಳುತ್ತೇನೆ. ಅಬ್ಬಾ ಕಾರ್ಬುರೇಟರಿನ ಸ್ಕ್ರೂ ತಿರುಗಿಸುತ್ತ, ತಲೆ ಓರೆ ಮಾಡಿ ಎಂಜಿನ್ನಿನ ಸದ್ದು ಕೇಳುತ್ತ, ಒಂದು ಕಡೆ ಕೈ ನಿಲ್ಲಿಸುತ್ತಿದ್ದರು. ಯಾಕೆ ಅಲ್ಲೇ ಎಂದರೆ ‘ಅಲ್ಲಿ ಗಾಡಿ ಖುಷಿಯಾಗಿರುತ್ತೆ’ ಎನ್ನುತ್ತಿದ್ದರು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಗಾಳಿ ಅದಕ್ಕಿಂತ ತುಸು ಕಡಿಮೆಯಾದಾಗ ಎಂಜಿನ್ನು ಹೆಚ್ಚು ಶಕ್ತಿ ಕೊಡುತ್ತದೆ ಎಂದು ಕಾಲೇಜಿನಲ್ಲಿ ಕಲಿತೆ. ಅಬ್ಬಾರ ಕಿವಿ ಹುಡುಕುತ್ತಿದ್ದದ್ದು ಆ ಜಾಗವನ್ನೇ.

ಆದರೆ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಆ ಖುಷಿ ಸಾಲದು. ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಮಿಶ್ರಣ 14.7ರ ಆಸುಪಾಸಿನಲ್ಲೇ ನಿಲ್ಲಬೇಕು. ಅಷ್ಟು ಬಿಗಿಯಾದ ಲೆಕ್ಕ ಕಿವಿಗೆ ಸಿಕ್ಕುವುದಿಲ್ಲ, ಸೆನ್ಸರ್ ಬೇಕು. 2020ರ ಏಪ್ರಿಲ್ 1ರಂದು ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಿಂದಲೂ ಕಾರ್ಬುರೇಟರ್ ಬಹುತೇಕ ಮಾಯವಾಯಿತು. ನಮ್ಮ ಮೊಹಲ್ಲಾಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಸಿದ ಕಸುಬು ಇದು. ಕಿವಿಯ ಜೊತೆ ಈಗ ಓದೂ ಬೇಕಾಗಿದೆ.

ದಾರಿ ಇಲ್ಲದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವನು ಎರಡು ವರ್ಷದ ಐಟಿಐ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಲ್ಲಿಂದ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಆದರೆ ಗ್ಯಾರೇಜಿನ ಹುಡುಗರಲ್ಲಿ ಅನೇಕರು ಆ ಮೊದಲ ಮೆಟ್ಟಿಲ ಕೆಳಗೇ ನಿಂತಿರುತ್ತಾರೆ. ಪಾನಾ ಹಿಡಿದ ಕೈ ಪುಸ್ತಕ ಹಿಡಿಯದು ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ.

ಗ್ಯಾರೇಜನ್ನು ಈಗ ತಮ್ಮ ನೋಡಿಕೊಳ್ಳುತ್ತಾನೆ. ಅಲ್ಲಿ ಹದಿನೆಂಟರ ಹುಡುಗನೊಬ್ಬನಿದ್ದಾನೆ, ಒಂಬತ್ತಕ್ಕೆ ಶಾಲೆ ಬಿಟ್ಟವನು. ಮೊನ್ನೆ ಒಂದು ಕಾರಿಗೆ ಸ್ಕ್ಯಾನರ್ ಹಾಕಿದಾಗ ಪಿ0171 ಎಂಬ ಕೋಡ್ ಬಂತು. ಮಿಶ್ರಣದಲ್ಲಿ ಪೆಟ್ರೋಲ್ ಸಾಲದು ಎಂದು ಅದರ ಅರ್ಥ. ಯಾಕೆ ಸಾಲದು ಎಂದು ಅದು ಹೇಳುವುದಿಲ್ಲ. ಹುಡುಗ ಬಾನೆಟ್ಟಿನೊಳಗೆ ಬಗ್ಗಿ, ಬಿರುಕುಬಿಟ್ಟ ಒಂದು ರಬ್ಬರ್ ಪೈಪಿನಿಂದ ‘ಸ್ಸ್’ ಎನ್ನುತ್ತಿದ್ದ ಸದ್ದನ್ನು ಹಿಡಿದುಬಿಟ್ಟ. ಹೆಚ್ಚುವರಿ ಗಾಳಿ ನುಗ್ಗುತ್ತಿದ್ದದ್ದು ಅಲ್ಲಿಂದಲೇ. ಆಮೇಲೆ ಕೈ ಒರೆಸಿಕೊಳ್ಳುತ್ತ, ‘ಭಾಯ್, ಈ 14.7 ಅಂತೀರಲ್ಲ, ಅದನ್ನ ಹೇಗೆ ಲೆಕ್ಕ ಹಾಕ್ತಾರೆ?’ ಎಂದು ಕೇಳಿದ.

ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿಸಿದ್ದೇವೆ. ಭಾನುವಾರ ಮಧ್ಯಾಹ್ನ ಗ್ಯಾರೇಜು ಮುಚ್ಚಿದ ಮೇಲೆ ಗಣಿತ. ಅನುಪಾತದವರೆಗೆ ಬಂದಿದ್ದೇವೆ.