ಯಾರ ಹೆಸರಲ್ಲಿ ಕೇಳ್ತೀವಿ?

ದೀಪಾವಳಿ, ರಾಜ್ಯೋತ್ಸವ, ಕ್ರಿಸ್‌ಮಸ್ ಎಲ್ಲವನ್ನೂ ಒಟ್ಟಿಗೆ ಮಾಡುವ ಬಳಗ ನಮ್ಮದು. ಹಾಗಾಗಿ ನಮ್ಮ ಪ್ರಾರ್ಥನೆಯ ಬಗ್ಗೆ ಇಲ್ಲಿ ಬರೆಯೋಕೆ ಸಂಕೋಚ ಅನಿಸಲಿಲ್ಲ.

ನಾವು ಅಂದರೆ ಸ್ಟುಟ್‌ಗಾರ್ಟ್‌ನಲ್ಲಿ ಮಾಸ್ಟರ್ಸ್ ಓದುತ್ತಿರುವ ನಾಲ್ಕು ಜನ ಕನ್ನಡ ಕ್ರೈಸ್ತ ಹುಡುಗರು. ಇಬ್ಬರು ಹುಬ್ಬಳ್ಳಿ ಕಡೆಯವರು, ಒಬ್ಬ ಮಂಗಳೂರು, ಒಬ್ಬ ಮೈಸೂರು. ಭಾನುವಾರ ರಾತ್ರಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಸೇರಿ, ಅನ್ನ ಸಾರು ಉಂಡು, ಕನ್ನಡದಲ್ಲಿ ಪ್ರಾರ್ಥನೆ ಮಾಡ್ತೀವಿ. ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ 1903ರಲ್ಲಿ ಕಣ್ಣು ಮುಚ್ಚಿದ ಟ್ಯೂಬಿಂಗೆನ್ ಇಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಈ ಸೀಮೆಗೆ ಕನ್ನಡ ಹೊಸದೇನಲ್ಲ ಬಿಡಿ.

ನಮ್ಮ ಪ್ರಾರ್ಥನೆ ಯಾವಾಗಲೂ ಒಂದೇ ಮಾತಿನಿಂದ ಮುಗಿಯುತ್ತದೆ: ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್. ಸಂಡೇ ಸ್ಕೂಲಿನಿಂದ ಬಂದ ರೂಢಿ. ಆ ಮಾತಿನ ತೂಕ ಏನು ಅಂತ ಯೋಚಿಸುವ ಹಾಗಾದದ್ದು ಕಳೆದ ಜನವರಿಯಲ್ಲಿ.

ಪರೀಕ್ಷೆ ಹತ್ತಿರ ಇತ್ತು. ನಮ್ಮಲ್ಲೊಬ್ಬನ ಅಪ್ಪನಿಗೆ ಊರಲ್ಲಿ ಸ್ಟ್ರೋಕ್ ಆಗಿ ಐಸಿಯುಗೆ ಸೇರಿಸಿದರು. ಮೂರು ರಾತ್ರಿ ನಾಲ್ಕೂ ಜನ ನಿದ್ದೆಗೆಟ್ಟು ಬೇಡಿಕೊಂಡೆವು. ನಾಲ್ಕನೆಯ ದಿನ ಬೆಳಗಿನ ಜಾವ ಅವನ ಅಕ್ಕನ ಫೋನ್ ಬಂತು. ಅಪ್ಪ ಹೋಗಿಬಿಟ್ಟಿದ್ದರು. ಅವನನ್ನು ಬಿಡಲು ಫ್ರಾಂಕ್‌ಫರ್ಟ್ ಏರ್‌ಪೋರ್ಟಿಗೆ ಹೊರಟಾಗ ರೈಲಿನಲ್ಲಿ ಕೇಳಿದ: "ಅವನ ಹೆಸರಲ್ಲೇ ಕೇಳಿದ್ವಲ್ಲೋ, ಮತ್ತ್ಯಾಕ ಹಿಂಗಾತು?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೈ ಹಿಡಿದು ಸುಮ್ಮನೆ ಕೂತೆವು.

ಅವನು ಊರಲ್ಲಿದ್ದಾಗ ಉಳಿದ ಮೂವರು ಬೈಬಲ್ ತೆರೆದು ಆ ಮಾತನ್ನೇ ಹುಡುಕಿದೆವು. ತನ್ನ ಹೆಸರಿನಲ್ಲಿ ಬೇಡಿಕೊಳ್ಳಿ ಎಂದು ಯೇಸುಸ್ವಾಮಿ ಶಿಷ್ಯರಿಗೆ ಹೇಳುವುದು ಯೋಹಾನನ ಸುವಾರ್ತೆಯ 14 ಮತ್ತು 16ನೇ ಅಧ್ಯಾಯಗಳಲ್ಲಿ. ಹೇಳಿದ್ದು ಶಿಲುಬೆಯ ಹಿಂದಿನ ರಾತ್ರಿ. ಅದೇ ರಾತ್ರಿ ಗೆತ್ಸೇಮನೆಯಲ್ಲಿ, ಸಾಧ್ಯವಾದರೆ ಈ ಸಂಕಟ ತಪ್ಪಲಿ ಎಂದು ಅವನೂ ಬೇಡಿದ. ತಪ್ಪಲಿಲ್ಲ. ಇದನ್ನು ಓದಿ ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಈ ಹೆಸರು ಬೇಕಾದದ್ದನ್ನು ಕೊಡಿಸುವ ಪಾಸ್‌ವರ್ಡ್ ಆಗಿದ್ದರೆ, ಆ ಹೆಸರಿನವನಿಗೇ ಮೊದಲು ಕೆಲಸಕ್ಕೆ ಬರಬೇಕಿತ್ತಲ್ಲ!

ಅಪೊಸ್ತಲರ ಕೃತ್ಯಗಳ 19ನೇ ಅಧ್ಯಾಯದಲ್ಲಿ ಒಂದು ಕಥೆ ಇದೆ. ಎಫೆಸದಲ್ಲಿ ಸ್ಕೇವ ಎಂಬವನ ಏಳು ಮಕ್ಕಳು ಯೇಸುವಿನ ಹೆಸರು ಹೇಳಿ ದೆವ್ವ ಬಿಡಿಸಲು ಹೋಗಿ, ಪೆಟ್ಟು ತಿಂದು, ಮೈಮೇಲೆ ಬಟ್ಟೆಯಿಲ್ಲದೆ ಓಡಿಹೋದರು. ಹೆಸರು ಗೊತ್ತಿತ್ತು, ಹೆಸರಿನವನ ಪರಿಚಯ ಇರಲಿಲ್ಲ.

ಹಾಗಾದರೆ 'ಹೆಸರಿನಲ್ಲಿ' ಅಂದರೇನು? ಇಲ್ಲಿರುವ ನಮಗೆಲ್ಲ ಗೊತ್ತಿರುವ ಒಂದು ಕಾಗದ ಇದೆ: ಫೋಲ್‌ಮಾಖ್ಟ್, ಅಂದರೆ ಅಧಿಕಾರಪತ್ರ. ಗೆಳೆಯನ ಪಾರ್ಸೆಲ್ ತರಲು ಹೋದರೆ ಅವನ ಸಹಿ ಇರುವ ಈ ಕಾಗದ ತೋರಿಸಬೇಕು. ಅದಿದ್ದರೆ ನಮ್ಮ ಜರ್ಮನ್ ಎಷ್ಟೇ ತೊದಲಿದರೂ ಚಿಂತೆಯಿಲ್ಲ. ಕೌಂಟರಿನಲ್ಲಿ ನಡೆಯುವುದು ಸಹಿ ಹಾಕಿದವನ ಹೆಸರು, ನಮ್ಮದಲ್ಲ. ಆದರೆ ಅದೇ ಕಾಗದ ಹಿಡಿದು ಇನ್ನೊಬ್ಬರ ಪಾರ್ಸೆಲ್ ಕೇಳೋಕಾಗಲ್ಲ. ಧೈರ್ಯವೂ ಮಿತಿಯೂ ಆ ಒಂದು ಸಹಿಯಲ್ಲೇ ಇವೆ. ಯೋಹಾನನ ಮೊದಲನೆಯ ಪತ್ರ ಹೇಳುವುದೂ ಇದನ್ನೇ: ದೇವರ ಚಿತ್ತಕ್ಕೆ ಅನುಸಾರವಾಗಿ ಬೇಡುವವರಿಗೆ ಧೈರ್ಯ ಇರುತ್ತದೆ.

ಇಬ್ರಿಯರಿಗೆ ಬರೆದ ಪತ್ರದ 4ನೇ ಅಧ್ಯಾಯ ದೇವರ ಕೃಪಾಸನದ ಹತ್ತಿರ ಧೈರ್ಯದಿಂದ ಬರಲು ಕರೆಯುತ್ತದೆ. ಮೂಲ ಗ್ರೀಕಿನಲ್ಲಿ ಅಲ್ಲಿರುವ ಪದ ಪರ್ರೇಸಿಯ. ಮುಚ್ಚುಮರೆ ಇಲ್ಲದೆ ಮಾತಾಡುವ ಸ್ವಾತಂತ್ರ್ಯ ಎಂದು ಅದರ ಅರ್ಥ. ಅಂದರೆ ಜೋರಾಗಿ ಕೂಗಬೇಕಿಲ್ಲ, ಅನುಮಾನವೇ ಇಲ್ಲದವರಂತೆ ನಟಿಸಬೇಕಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಬಹುದು.

ಗೆಳೆಯ ಮಾರ್ಚ್‌ನಲ್ಲಿ ವಾಪಸ್ ಬಂದ. ನಾವು ಓದಿದ್ದನ್ನು ಅವನಿಗೆ ಪಾಠ ಹೇಳಲು ಹೋಗಲಿಲ್ಲ. ಅವನೇ ಒಂದು ಭಾನುವಾರ ಪಾತ್ರೆ ತೊಳೆಯುತ್ತಾ ಅಂದ: "ಮಣ್ಣು ಮಾಡಿ ಬಂದ ದಿನ ದೇವರ ಕೂಡ ಜಗಳಾ ತಗದೆ. ಆದ್ರ ಹೊರಗ ಹೋಗು ಅಂತ ಅವಾ ಅನ್ನಲಿಲ್ಲೋ." ನಾವು ಗ್ರೀಕ್ ಪದದಲ್ಲಿ ಹುಡುಕಿದ್ದನ್ನು ಅವನು ಅಪ್ಪನ ಸಮಾಧಿಯ ಹತ್ತಿರ ಕಂಡುಕೊಂಡು ಬಂದಿದ್ದ. ಅಪ್ಪ ಯಾಕೆ ಉಳಿಯಲಿಲ್ಲ ಅನ್ನೋದಕ್ಕೆ ಉತ್ತರ ಇವತ್ತಿಗೂ ಅವನಿಗಿಲ್ಲ, ನಮಗೂ ಇಲ್ಲ.

ಈಗಲೂ ಕೇಳ್ತೀವಿ. ಥೀಸಿಸ್ ಮುಗಿಯಲಿ, 18 ತಿಂಗಳ ವೀಸಾದೊಳಗೆ ಕೆಲಸ ಸಿಗಲಿ, ಊರಲ್ಲಿ ಅಮ್ಮನ ಶುಗರ್ ಇಳಿಯಲಿ ಅಂತ ಹೆಸರು ಹಿಡಿದು ಕೇಳ್ತೀವಿ. ಸಿಗುತ್ತೋ ಇಲ್ಲವೋ ಗೊತ್ತಿಲ್ಲ. ಯಾರ ಹೆಸರಲ್ಲಿ ಕೇಳ್ತಿದ್ದೀವೋ ಅವನು ಕೇಳಿಸಿಕೊಳ್ತಾನೆ ಅನ್ನೋದು ಗೊತ್ತು. ನಮ್ಮ ಧೈರ್ಯ ಅಷ್ಟೇ, ಅಷ್ಟು ಸಾಕಾಗಿದೆ.

ದೂರದೇಶದಲ್ಲಿ ರಾತ್ರಿ ಫೋನ್ ರಿಂಗಾದರೆ ಎದೆ ಝಲ್ಲೆನ್ನುವುದು ನಮಗೆಲ್ಲ ಒಂದೇ, ಧರ್ಮ ಯಾವುದಾದರೂ. ಅಂಥ ವಾರ ನಿಮಗೂ ಬಂದರೆ ಒಬ್ಬರೇ ರೂಮಿನಲ್ಲಿ ಕೂರಬೇಡಿ. ಭಾನುವಾರ ಎಂಟು ಗಂಟೆಗೆ ಅಡುಗೆಮನೆಗೆ ಬನ್ನಿ. ಪ್ರಾರ್ಥನೆಗಲ್ಲದಿದ್ದರೆ ಸಾರಿಗಾದರೂ ಬನ್ನಿ.