ಭದ್ರಾವತಿಯ ದನಿಯನ್ನು ಹುಡುಕುತ್ತ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು ಇಪ್ಪತ್ತು ಕಿಲೋಮೀಟರಿನ ಹಾದಿ. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಗಳನ್ನು ದಾಟುವಷ್ಟರಲ್ಲಿ ತುಂಗೆಯ ಊರು ಹಿಂದಾಗಿ ಭದ್ರೆಯ ಊರು ಎದುರಾಗುತ್ತದೆ. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿ ಕೂಡಲಿಯಲ್ಲಿ ಮತ್ತೆ ಒಂದಾಗುವ ಈ ಎರಡು ಹೊಳೆಗಳು ಅಕ್ಕತಂಗಿಯರಾದರೂ ಅವುಗಳ ದಡದ ಊರುಗಳ ಸ್ವಭಾವ ಬೇರೆ ಬೇರೆ. ಶಿವಮೊಗ್ಗ ಅಡಕೆ ಮಂಡಿಗಳ, ಕಚೇರಿ ಕಾಲೇಜುಗಳ ಊರು. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯಾದರೋ ಹೆಸರಿಗೆ ತಕ್ಕಂತೆ ಕುಲುಮೆಯ ಊರು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಅಲ್ಲಿ 1923ರಲ್ಲಿ ಕೆಲಸಕ್ಕೆ ತೊಡಗಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. 1965ರಲ್ಲಿ ಮೂರನೆಯದೊಂದು ಬಂದಿತು. ಅದಕ್ಕೆ ಹೊಗೆಯ ಕೊಳವೆಯಿಲ್ಲ, ಅದಿರು ಸೌದೆಗಳ ಹಂಗಿಲ್ಲ. ಅಲ್ಲಿ ತಯಾರಾಗುವುದು ಮಾತು ಮತ್ತು ಹಾಡು. ಅದೇ ಆಕಾಶವಾಣಿ, ಭದ್ರಾವತಿ.

ಈ ನಿಲಯದ ಮಧ್ಯಮ ತರಂಗದ ಗುರುತು 675 ಕಿಲೋಹರ್ಟ್ಸ್, ಹಳಬರ ಮಾತಿನಲ್ಲಿ ಕಿಲೋಸೈಕಲ್. ಅಲೆಯ ಉದ್ದ ಸುಮಾರು 444 ಮೀಟರು. ಅಷ್ಟು ಉದ್ದದ ಅಲೆ ನೆಲವನ್ನು ಅನುಸರಿಸಿ ಸಾಗುತ್ತದೆ. ಆದ್ದರಿಂದಲೇ ಅದು ಗುಡ್ಡದ ಮರೆಯಲ್ಲಿರುವ ಒಂಟಿಮನೆಯನ್ನೂ, ಕಣಿವೆಯ ತೋಟವನ್ನೂ ತಲಪಬಲ್ಲುದು. ಮಲೆನಾಡಿನಲ್ಲಿ ಇದು ಸಣ್ಣ ಉಪಕಾರವಲ್ಲ.

ನಮ್ಮ ಮನೆಯ ಹಳೆಯ ವಾಲ್ವ್ ರೇಡಿಯೋ ಹಲವು ವರ್ಷ ಹಿಡಿದದ್ದು ಈ ದನಿಯನ್ನೇ. ಅದು ನನ್ನ ಮಾವನವರದು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅವರು ತೀರಿಕೊಂಡ ಮೇಲೆ ಅತ್ತೆಯವರು ಶಿವಮೊಗ್ಗದಲ್ಲಿ ನಮ್ಮೊಂದಿಗೆ ಇರಲು ಬಂದರು. ರೇಡಿಯೋ ಗೋಣಿಚೀಲದಲ್ಲಿ ಸುತ್ತಿಕೊಂಡು ಅವರ ಹಿಂದೆಯೇ ಬಂದಿತು. ಬಂದಾಗಲೇ ಅದು ಮೂಕವಾಗಿತ್ತು. ಅತ್ತೆಯವರ ಕಣ್ಣು ಮಂಜಾಗಿದೆ. ಮೊಮ್ಮಗಳು ಕೊಡಿಸಿದ ಮೊಬೈಲಿನಲ್ಲಿ ಎಲ್ಲ ಹಾಡುಗಳೂ ಉಂಟು. ಆದರೆ ಅವರು ಒಮ್ಮೆ ಹೇಳಿದರು: “ಇದರಲ್ಲಿ ಎಲ್ಲಾ ಬರುತ್ತೆ ಅಳಿಯಂದಿರೇ, ತಾನಾಗಿ ಏನೂ ಬರಲ್ಲ. ನೋಡಿ ಒತ್ತಬೇಕು. ಆ ಪೆಟ್ಟಿಗೆಯ ಗುಂಡಿ ಆದರೆ ಕೈಗೇ ಗೊತ್ತಿತ್ತು.”

ಪೆಟ್ಟಿಗೆಯನ್ನು ಬಿಚ್ಚಲು ಇದಕ್ಕಿಂತ ಕಾರಣ ಬೇಕೆ? ಮನೆಯೊಳಗೆ ಕುಳಿತು ರೇಡಿಯೋದೊಡನೆ ಹೆಣಗುವ ಹುಚ್ಚು ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ, ಮೂವತ್ತು ವಾಟಿನ ಪುಟ್ಟ ಯಂತ್ರದಿಂದ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರನ್ನು ಪಡೆದದ್ದು ಆ ನಿಲಯವೇ. ಮನಶ್ಶಾಸ್ತ್ರದವರಿಗೆ ಬಾನುಲಿಯನ್ನು ಕಟ್ಟುವುದು ಸಾಧ್ಯವಾದರೆ ಕನ್ನಡ ಎಂ.ಎ.ಯವನು ಒಂದನ್ನು ದುರಸ್ತಿಮಾಡಲು ಪ್ರಯತ್ನಿಸಬಾರದೇಕೆ?

ಹಿಂದಿನ ಹಲಗೆಯನ್ನು ತೆಗೆದಾಗ ಒಳಗೆ ಜೇಡರ ಬಲೆ, ಜಿರಲೆಯ ಮೊಟ್ಟೆ, ಐದು ಗಾಜಿನ ವಾಲ್ವುಗಳು. ಧೂಳು ಕೊಡವಿ ವಿದ್ಯುತ್ತು ಕೊಟ್ಟರೆ ವಾಲ್ವುಗಳೊಳಗೆ ಕೆಂಡದ ಕಣ್ಣು ತೆರೆಯಿತು. ಆದರೆ ದನಿಯ ಬದಲು ದುಂಬಿಯ ಝೇಂಕಾರ. ಇದರ ಕಾರಣ ಪುಸ್ತಕಗಳಲ್ಲಿದೆ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ತೂಗಾಡುವಂಥದು. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದ ಮೇಲೂ ಅಲುಗಾಟ ಉಳಿಯುತ್ತದೆ. ಮಳೆಯ ನೀರನ್ನು ಕೆರೆ ಹಿಡಿದಿಟ್ಟು ತೂಬಿನಿಂದ ಒಂದೇ ಸಮನಾಗಿ ಬಿಡುವಂತೆ, ಆ ಅಲುಗಾಟವನ್ನು ತಡೆಯುವುದು ದೊಡ್ಡ ಕಂಡೆನ್ಸರಿನ ಕೆಲಸ. ವರ್ಷಗಳು ಕಳೆದಂತೆ ಅದರ ಒಳಗಿನ ದ್ರಾವಣ ಒಣಗುತ್ತದೆ, ಕೆರೆ ಬತ್ತುತ್ತದೆ.

ಶಿವಮೊಗ್ಗದ ಪೇಟೆಯಲ್ಲಿ ಕಂಡೆನ್ಸರಿಗಾಗಿ ತಿರುಗಿದೆ. ರೇಡಿಯೋ ಮಾರುತ್ತಿದ್ದ ಅಂಗಡಿಗಳಲ್ಲಿ ಈಗ ಮೊಬೈಲಿನ ಅಂಗಿಗಳು ತೂಗುತ್ತವೆ. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸ್ನೇಹಿತರೊಬ್ಬರು ತಂದುಕೊಟ್ಟರು. ಹಳೆಯದು ಏಲಕ್ಕಿ ಬಾಳೆಹಣ್ಣಿನಷ್ಟಿದ್ದರೆ ಹೊಸದು ಅಡಕೆಯಷ್ಟು. ಬೆಸುಗೆ ಹಾಕಿದ ಮೇಲೆ ಝೇಂಕಾರ ಅಡಗಿತು. ಆದರೆ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರೂ ಒಂದು ನಿಲಯವೂ ಇಲ್ಲ. ಮೊದಲು ಗೊಣಗುತ್ತಿದ್ದ ಪೆಟ್ಟಿಗೆ ಈಗ ಮೌನವ್ರತ ಹಿಡಿದಿತ್ತು.

ಹೀಗಾಗಿ ಮಳೆಗಾಲದ ಒಂದು ಭಾನುವಾರ ಮಾವನವರ ಹಳೆಯ ಗೆಳೆಯರೊಬ್ಬರನ್ನು ಹುಡುಕಿಕೊಂಡು ಭದ್ರಾವತಿಗೆ ಹೊರಟೆ. ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿದ್ದ ಅವರು ಬಿಡುವಿನಲ್ಲಿ ನೆರೆಹೊರೆಯ ರೇಡಿಯೋಗಳನ್ನು ನೋಡುತ್ತಿದ್ದವರು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ ನನ್ನನ್ನು ಕಂಡಕ್ಟರು ಎರಡು ಬಾರಿ ನೋಡಿದರೂ ಅದಕ್ಕೆ ಟಿಕೆಟು ಕೇಳಲಿಲ್ಲ.

ಊರು ಮಳೆಯಲ್ಲಿ ನೆನೆದಿತ್ತು. ಕಾರ್ಖಾನೆಯ ಸೈರನ್ನಿಗೆ ಗಡಿಯಾರ ತಿದ್ದಿಕೊಳ್ಳುತ್ತಿದ್ದ ಮನೆಗಳ ಬೀದಿಗಳು ಈಗ ಸದ್ದಿಲ್ಲದೆ ಮಲಗಿದ್ದವು. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. 2023ರ ಜನವರಿಯಲ್ಲಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಒಂದು ಊರಿನ ಹೆಸರು ಒಂದು ಕುಲುಮೆಯೊಂದಿಗೆ ಬೆಸೆದುಕೊಂಡಾಗ ಬೆಂಕಿ ಆರುವುದೆಂದರೆ ಏನೆಂಬುದನ್ನು ಅಲ್ಲಿಯ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತ ಕೇಳಿಯೇ ತಿಳಿಯಬೇಕು.

ಹಿರಿಯರು ರೇಡಿಯೋವನ್ನು ಕಂಡು ಮುಖವರಳಿಸಿದರು. ನಾನು ವಾಲ್ವುಗಳ ಮೇಲೆ ಸಂಶಯವನ್ನು ವಿವರಿಸಲು ಹೊರಟರೆ ಕೈಯೆತ್ತಿ ತಡೆದರು. “ಏನು ಕೆಟ್ಟಿದೆ ಅಂತ ಆಮೇಲೆ ನೋಡೋಣ ಮೇಷ್ಟ್ರೇ. ಎಲ್ಲಿವರೆಗೆ ಸರಿಯಿದೆ ಅಂತ ಮೊದಲು ನೋಡ್ಬೇಕು. ಫ್ಯಾಕ್ಟ್ರೀಲಿ ನಮಗೆ ಕಲಿಸಿದ್ದು ಅದನ್ನೇ.”

ಬಲಗೈಯಲ್ಲಿ ಮರದ ಹಿಡಿಯ ತಿರುಪುಳಿ. ಎಡಗೈ ಬೆನ್ನ ಹಿಂದೆ. ಇದು ಎರಡು ಕೈಗಳ ಮೂಲಕ ಎದೆಗೆ ವಿದ್ಯುತ್ತು ಹರಿಯದಂತೆ ಹಳಬರು ಪಾಲಿಸುವ ನಿಯಮ. ತಿರುಪುಳಿಯ ತುದಿ ಧ್ವನಿಯ ಗುಂಡಿಯ ನಡುವಿನ ತಂತಿಗೆ ತಗುಲಿದೊಡನೆ ಸ್ಪೀಕರು ಗುರ್ರೆಂದಿತು. ಅಂದರೆ ಅಲ್ಲಿಂದ ಮುಂದಕ್ಕೆ ಎಲ್ಲವೂ ಕ್ಷೇಮ, ದೋಷ ಹಿಂದಿದೆ. ಅನಂತರ ಅವರು ತಮ್ಮ ಪುಟ್ಟ ಟ್ರಾನ್ಸಿಸ್ಟರನ್ನು ಪಕ್ಕದಲ್ಲಿಟ್ಟರು. ಈ ಬಗೆಯ ರೇಡಿಯೋ 675ನ್ನು ಹಿಡಿಯಬೇಕಾದರೆ ತನ್ನೊಳಗೇ 1130 ಕಿಲೋಹರ್ಟ್ಸಿನ ಇನ್ನೊಂದು ಅಲೆಯನ್ನು ಹುಟ್ಟಿಸಿ, ಎರಡನ್ನೂ ಬೆರೆಸಿ, ವ್ಯತ್ಯಾಸವಾದ 455ನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಆ ಒಳಗಿನ ಅಲೆ ಬದುಕಿದ್ದರೆ 1130ಕ್ಕೆ ತಿರುಗಿಸಿದ ಟ್ರಾನ್ಸಿಸ್ಟರಿನ ಗೊರಗೊರ ಸದ್ದು ಅಡಗಬೇಕು. ಅಡಗಲಿಲ್ಲ. “ಇಲ್ಲಿದೆ ನೋಡಿ,” ಎಂದರು.

ಅಪರಾಧಿ ವಾಲ್ವು ಆಗಿರಲಿಲ್ಲ. ತರಂಗ ಬದಲಿಸುವ ಗುಂಡಿಯ ಹಿಂದಿನ ಲೋಹದ ನಾಲಗೆಗಳಿಗೆ ಮಲೆನಾಡಿನ ಮಳೆಗಾಲಗಳೆಲ್ಲ ಸೇರಿ ಕಿಲುಬು ಹತ್ತಿಸಿದ್ದವು. ಪ್ಲಗ್ಗನ್ನು ಕಿತ್ತು, ಹತ್ತಿಗೆ ಸ್ಪಿರಿಟ್ ಹಾಕಿ, ಒಂದೊಂದು ನಾಲಗೆಯನ್ನೂ ಅರ್ಧ ಗಂಟೆ ಒರೆಸಿದೆವು. ಆರಿದ ಮೇಲೆ ಗುಂಡಿ ತಿರುಗಿಸಿದಾಗ ಮೊದಲು ಗುಡುಗಿನ ಚಟಪಟ, ಆಮೇಲೆ ದೂರದಿಂದ ನಡೆದುಬರುವವರಂತೆ ಒಂದು ಕನ್ನಡದ ದನಿ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಮಾತು! ಯಾವ ಗಾನವೂ ನನಗೆ ಅಷ್ಟು ಇಂಪಾಗಿ ಕೇಳಿದ್ದಿಲ್ಲ.

ಚಹಾ ಬಂದಿತು. ಈಚಿನ ವರ್ಷಗಳಲ್ಲಿ ದೇಶದಲ್ಲಿ ಹಲವು ಮಧ್ಯಮ ತರಂಗ ಪ್ರಸಾರಗಳು ನಿಂತಿವೆಯೆಂದೂ, ಎಫ್.ಎಂ. ಮತ್ತು ಮೊಬೈಲುಗಳೇ ಮುಂದಿನ ದಾರಿಯೆಂದೂ ನಾನು ಹೇಳಿದೆ. ಭದ್ರಾವತಿ ನಿಲಯಕ್ಕೂ 103.5ರ ಎಫ್.ಎಂ. ಸೇರಿದೆ, ಮಾವನವರ ಪೆಟ್ಟಿಗೆಗೆ ಆ ಭಾಷೆ ಬಾರದು. ಹಿರಿಯರು ಲೋಟವನ್ನು ಕೆಳಗಿಟ್ಟರು. “ಪೆಟ್ಟಿಗೆ ಕೆಟ್ಟರೆ ನಾನು ನೋಡ್ತೀನಿ. ಆ ಕಡೆಯಿಂದಲೇ ನಿಂತು ಹೋದರೆ ಇದರಲ್ಲಿ ಏನು ಅಂತ ಹುಡುಕಲಿ?” ಎಂದವರು ಕಿಟಕಿಯಾಚೆ, ಕಾರ್ಖಾನೆಯ ದಿಕ್ಕಿಗೆ ನೋಡುತ್ತ ಕುಳಿತರು. ಅವರು ರೇಡಿಯೋದ ಮಾತನ್ನೇ ಆಡಿದರೋ, ಊರಿನದನ್ನೋ, ನಾನು ಕೇಳಲಿಲ್ಲ. ಕೆಲಸ ಬಲ್ಲ ಕೈಗಳು ಸರಿಯಾಗಿಯೇ ಇದ್ದು ಕೆಲಸವೇ ನಿಂತುಹೋದಾಗ ಅದಕ್ಕೆ ಯಾವ ತಿರುಪುಳಿಯಿಂದಲೂ ಉಪಾಯವಿಲ್ಲ.

ಅತ್ತೆಯವರು ಈಗ ಕಣ್ಣು ಮುಚ್ಚಿಯೇ ಗುಂಡಿ ತಿರುಗಿಸುತ್ತಾರೆ. ನಮ್ಮೂರುಗಳ ಅಟ್ಟಗಳ ಮೇಲೆ ಇಂಥ ಪೆಟ್ಟಿಗೆಗಳು ಇನ್ನೂ ಇರಬೇಕು. ಅವುಗಳನ್ನು ಇಳಿಸಲು ಮನಸ್ಸು ಮಾಡುವ ಓದುಗರಿಗೆ ಎರಡು ಮಾತು. ಪ್ಲಗ್ಗು ಕಿತ್ತ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ ಇನ್ನೂರಕ್ಕೂ ಮೀರಿದ ವೋಲ್ಟು ಹೊಂಚಿ ಕುಳಿತಿರಬಹುದು. ಅದನ್ನು ತಕ್ಕ ರೆಸಿಸ್ಟರಿನ ಮೂಲಕ ಇಳಿಸದೆ ಒಳಗೆ ಕೈಹಾಕಬೇಡಿ. ಎರಡನೆಯದು ಇನ್ನೂ ಅವಸರದ್ದು: ನಿಮ್ಮ ಊರಿನಲ್ಲಿ ಎಲ್ಲಿವರೆಗೆ ಸರಿಯಿದೆಯೆಂದು ಕಿವಿಯಿಂದಲೇ ಹೇಳಬಲ್ಲ ಹಿರಿಯರೊಬ್ಬರಿದ್ದರೆ, ಮುಂದಿನ ಮಳೆಗಾಲಕ್ಕೆ ಕಾಯದೆ ಹೋಗಿ ಭೇಟಿಮಾಡಿ.