ಎಲುಬಿನ ಶಾಲೆಗಳ ದಾರಿಯಲ್ಲಿ

ನಮ್ಮ ಹೊಸನಗರದ ಕಡೆ ಸೊಂಟ ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವರು ಯಾರಿದ್ದಾರೆಂದು ಹುಡುಕುತ್ತಿದ್ದರು. ಅವರು ಪಾದದಿಂದ ಮೂರು ಸಲ ನೀವಿದರೆ ಉಳುಕು ಬಿಟ್ಟಿತೆಂದೇ ಲೆಕ್ಕ. ಮೂಳೆ ಮುರಿದರೆ ನಾಟಿ ವೈದ್ಯರ ಕಟ್ಟು. ಅದಕ್ಕೂ ಮೀರಿದ್ದಾದರೆ ಘಟ್ಟ ಇಳಿದು ಮಣಿಪಾಲ. ನೀವುವವರು ಬೇರೆ, ಕೊಯ್ಯುವವರು ಬೇರೆ; ಒಬ್ಬರ ಮನೆ ಬಾಗಿಲಿಗೆ ಇನ್ನೊಬ್ಬರು ಹೋಗುವುದಿಲ್ಲ.

ಅಮೆರಿಕದಲ್ಲಿ ಈ ಇಬ್ಬರೂ ಒಬ್ಬರೇ ಆಗಿರುವ ಕಾಲೇಜುಗಳಿವೆಯೆಂದು ಗೊತ್ತಾದದ್ದು ಪಿಟ್ಸ್‌ಬರ್ಗಿನ ತಂಗಿ ಮನೆಯಲ್ಲಿ. ಭಾವ ಸಾಗರದ ಅಡಿಕೆ ತೋಟದ ಮನೆತನದವರು, ತಂಗಿ ಓದಿದ್ದು ತೀರ್ಥಹಳ್ಳಿಯಲ್ಲಿ, ಅವರ ಮಗಳು ಹುಟ್ಟಿ ಬೆಳೆದದ್ದು ಪಿಟ್ಸ್‌ಬರ್ಗಿನಲ್ಲೇ. ಆ ಕೂಸು ಆಸ್ಟಿಯೋಪಥಿಕ್ ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕಿತ್ತು. ಅಲ್ಲಿ ಓದಿದವರ ಹೆಸರಿನ ಮುಂದೆ ಎಂ.ಡಿ. ಬದಲು ಡಿ.ಓ. ಇರುತ್ತದೆ. ಬ್ರಿಟನ್ನಿನಲ್ಲಾಗಲಿ ನಮ್ಮಲ್ಲಾಗಲಿ ಆಸ್ಟಿಯೋಪಾತ್ ಎಂದರೆ ಕೈಯಿಂದ ಮೈ ಸರಿಪಡಿಸುವವರಷ್ಟೇ. ಅಮೆರಿಕದ ಡಿ.ಓ. ಮಾತ್ರ ಪೂರ್ಣ ವೈದ್ಯರು. ಔಷಧಿ ಬರೆಯುತ್ತಾರೆ, ಎದೆ ತೆರೆದು ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ, ಜೊತೆಗೆ ಬೆನ್ನೆಲುಬು ಮುಟ್ಟಿ ತಿಳಿಯುವ ವಿದ್ಯೆಯನ್ನು ಸುಮಾರು 200 ಗಂಟೆ ಅಭ್ಯಾಸ ಮಾಡಿರುತ್ತಾರೆ.

ಭಾವ ಒಂದು ದೊಡ್ಡ ಹಾಳೆಯ ಮೇಲೆ ಕಾಲೇಜುಗಳನ್ನು ಬರೆದಿಟ್ಟಿದ್ದರು. ಶುಲ್ಕ, ದೂರ, ಚಳಿ ಎಲ್ಲದಕ್ಕೂ ಒಂದೊಂದು ಸಾಲು. ನನ್ನ ಕಣ್ಣು ನಿಂತದ್ದು ‘ಕಲಿಸುವ ಬಗೆ’ ಎಂಬ ಸಾಲಿನ ಮೇಲೆ. ನೀಟ್ ರ‍್ಯಾಂಕ್ ಬಂದ ಮೇಲೆ ಶಿವಮೊಗ್ಗದ ಸಿಮ್ಸ್ ಸಿಕ್ಕೀತೇ, ಇಲ್ಲವಾದರೆ ಎಷ್ಟು ಲಕ್ಷ ಹೊಂದಿಸಬೇಕು ಎಂದು ಯೋಚಿಸುವವರು ನಾವು. ಸರಕಾರಿ ಸೀಟು ಸಿಕ್ಕ ಮನೆಯಲ್ಲಿ ‘ಆ ಕಾಲೇಜಿನಲ್ಲಿ ಹೇಗೆ ಕಲಿಸುತ್ತಾರೆ?’ ಎಂದು ಕೇಳಿದರೆ ಹುಚ್ಚು ಹಿಡಿಯಿತೇ ಎಂದಾರು. ರಾಜೀವ್ ಗಾಂಧಿ ವಿಶ್ವವಿದ್ಯಾಲಯದಡಿ ಎಲ್ಲ ಕಡೆ ಒಂದೇ ಪಠ್ಯಕ್ರಮ, ಆರಿಸಲಿಕ್ಕೇನಿದೆ? ನಯಾಗರಾ ಕೂಡ ನನ್ನನ್ನು ಆ ಒಂದು ಸಾಲಿನಷ್ಟು ಬೆರಗುಗೊಳಿಸಲಿಲ್ಲ. (ಜೋಗದ ಪಕ್ಕದ ಊರಿನವರಿಗೆ ಜಲಪಾತದ ವಿಷಯದಲ್ಲಿ ಸ್ವಲ್ಪ ಸೊಕ್ಕು ಇರುತ್ತದೆ.)

ಹಾಳೆಯಲ್ಲಿದ್ದ ಕಾಲೇಜುಗಳನ್ನು ನೋಡಲು ಮೊದಲು ಹೋದದ್ದು ಈರಿ ಪಟ್ಟಣಕ್ಕೆ. ಪಿಟ್ಸ್‌ಬರ್ಗಿನಿಂದ ಉತ್ತರಕ್ಕೆ ಸುಮಾರು 200 ಕಿಲೋಮೀಟರ್. ಕೊನೆಯಲ್ಲಿ ರಸ್ತೆ ಮುಗಿದು ನೀರು ಶುರುವಾಗುತ್ತದೆ. ಆಚೆ ದಡ ಕಾಣದು, ಅಲೆಯೂ ಇದೆ, ಉಪ್ಪು ಮಾತ್ರ ಇಲ್ಲ. ಲಿಂಗನಮಕ್ಕಿಯ ಹಿನ್ನೀರು ನೋಡಿ ಬೆಳೆದವರು ಕೂಡ ಅದನ್ನು ಸರೋವರವೆಂದು ಒಪ್ಪಲು ಹಿಂದೆಮುಂದೆ ನೋಡಬೇಕು. 1992ರಲ್ಲಿ ಶುರುವಾದ ಲೇಕ್ ಈರಿ ಕಾಲೇಜು ಇಲ್ಲಿದೆ. ಒಂದೇ ಕಾಲೇಜು, ಒಂದೇ ಪದವಿ, ಕಲಿಯುವ ದಾರಿ ಮಾತ್ರ ಒಂದಕ್ಕಿಂತ ಹೆಚ್ಚು. ಬೇಕಾದವರು ಸಭಾಂಗಣದಲ್ಲಿ ಕೂತು ಪಾಠ ಕೇಳಬಹುದು. ಬೇಡದವರಿಗೆ ಸಮಸ್ಯೆ ಬಿಡಿಸಿ ಕಲಿಯುವ ದಾರಿಯಿದೆ. ಎಂಟು ಮಂದಿಯ ಗುಂಪಿನ ಮುಂದೆ ಕಾಗದದ ಮೇಲೊಬ್ಬ ರೋಗಿ ಬರುತ್ತಾನೆ, ಎದೆನೋವು ಎನ್ನುತ್ತಾನೆ. ಏನು ಕೇಳಬೇಕು, ಯಾವ ಪರೀಕ್ಷೆ ಮಾಡಿಸಬೇಕು, ಅದಕ್ಕಾಗಿ ಯಾವ ಅಧ್ಯಾಯ ಓದಬೇಕು, ಎಲ್ಲವನ್ನೂ ಗುಂಪೇ ತೀರ್ಮಾನಿಸಬೇಕು. ಮೇಷ್ಟ್ರು ಕೂತಿರುತ್ತಾರೆ, ಪಾಠ ಮಾಡುವುದಿಲ್ಲ. ಗಾಡಿ ದಾರಿ ತಪ್ಪಿದರೆ ಕೆಮ್ಮುತ್ತಾರೆ, ಅಷ್ಟೆ.

ಈ ಪದ್ಧತಿ ಹುಟ್ಟಿದ್ದೂ ಅಲ್ಲಿಗೆ ತೀರಾ ದೂರವಲ್ಲ. ಕೆನಡಾದ ಹ್ಯಾಮಿಲ್ಟನ್‌ನಲ್ಲಿರುವ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ 1969ರಲ್ಲಿ ತನ್ನ ಮೊದಲ ವೈದ್ಯ ವಿದ್ಯಾರ್ಥಿಗಳನ್ನು ಹೀಗೆ ಓದಿಸಲು ತೊಡಗಿತು. ಕೂಸು ಇದನ್ನೆಲ್ಲ ವಿವರಿಸುತ್ತಿದ್ದರೆ ಭಾವ ಕಾರು ಓಡಿಸುತ್ತಲೇ, ‘ಹೆಗ್ಗೋಡಿನ ಪದ್ಧತಿ’ ಅಂದರು. ಅದು ನಿಜವೇ. ಹೆಗ್ಗೋಡಿನಲ್ಲಿ 1980ರಲ್ಲಿ ಶುರುವಾದ ನೀನಾಸಮ್ ರಂಗಶಿಕ್ಷಣ ಕೇಂದ್ರದಲ್ಲಿ ಹುಡುಗರು ನಾಟಕ ಆಡುತ್ತಲೇ, ಜಗಳವಾಡುತ್ತಲೇ ನಾಟಕ ಕಲಿಯುತ್ತಾರೆ. ಆದರೆ ಅಲ್ಲಿ ಮಾತು ತಪ್ಪಿದರೆ ಪ್ರೇಕ್ಷಕ ನಗುತ್ತಾನೆ. ಇಲ್ಲಿ ತಪ್ಪಿದರೆ ಕತೆ ಬೇರೆ ಎಂಬ ನನ್ನ ಅನುಮಾನವನ್ನು ಕಾರಿನಲ್ಲಿ ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಎರಡನೆಯ ಊರು ದೂರದ್ದು. ಸೇಂಟ್ ಲೂಯಿಸ್‌ವರೆಗೆ ವಿಮಾನ, ಅಲ್ಲಿಂದ ಮಿಸಿಸಿಪಿ ನದಿಯ ಬದಿಗೆ ಉತ್ತರಕ್ಕೆ. ನಡುವೆ ಮಾರ್ಕ್ ಟ್ವೇನ್ ಬೆಳೆದ ಹ್ಯಾನಿಬಲ್. ಈ ಟ್ವೇನ್ 1901ರಲ್ಲಿ ನ್ಯೂಯಾರ್ಕಿನ ಶಾಸಕರೆದುರು ನಿಂತು ಆಸ್ಟಿಯೋಪಥಿಯ ಪರ ವಾದಿಸಿದ್ದರು. ಆಮೇಲೆ ಪಶ್ಚಿಮಕ್ಕೆ ತಿರುಗಿದರೆ ಜೋಳದ ಹೊಲ, ಸೋಯಾ ಹೊಲ, ಮತ್ತೆ ಜೋಳದ ಹೊಲ. ಒಂದು ಗುಡ್ಡವಿಲ್ಲ. ಮಲೆನಾಡಿನ ಕಣ್ಣಿಗೆ ಇದು ಶಿಕ್ಷೆ.

ಇದರ ಕೊನೆಗೆ ಕರ್ಕ್ಸ್‌ವಿಲ್. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ಗಡ್ಡದ ವೈದ್ಯ 1864ರಲ್ಲಿ ಮೆನಿಂಜೈಟಿಸ್‌ಗೆ ಮೂರು ಮಕ್ಕಳನ್ನು ಕಳೆದುಕೊಂಡ. ಅಂದಿನ ಪಾದರಸದ ಔಷಧಿಗಳ ಮೇಲೆ ಅವನಿಗೆ ನಂಬಿಕೆ ಉಳಿಯಲಿಲ್ಲ. ಮೂಳೆಗಳನ್ನು ಹಿಡಿದು ಕೂತ, 1874ರಲ್ಲಿ ಆಸ್ಟಿಯೋಪಥಿಯೆಂಬ ತನ್ನ ಹೊಸ ಮತವನ್ನು ಸಾರಿದ, 1892ರಲ್ಲಿ ಇಲ್ಲಿ ಎರಡು ಕೋಣೆಯ ಶಾಲೆ ತೆರೆದ. ಮೊದಲ ತಂಡದಲ್ಲೇ ಹೆಂಗಸರಿದ್ದರು. ರೋಗಿಗಳು ರೈಲಿನ ಮೇಲೆ ರೈಲು ಹತ್ತಿ ಬಂದರು, ಊರಿನ ತುಂಬ ವಸತಿಗೃಹ ಎದ್ದವು. ಆನಂದಪುರದ ಹತ್ತಿರದ ನರಸೀಪುರಕ್ಕೆ ಮರದ ತೊಗಟೆಯ ಔಷಧಿಗೆಂದು ರಾತ್ರಿಯೆಲ್ಲ ಸಾಲು ನಿಲ್ಲುವ ಜನರನ್ನು ಕಂಡ ನನಗೆ ಆ ಹಳೆಯ ಫೋಟೋಗಳು ಹೊಸತೆನಿಸಲಿಲ್ಲ. ಸ್ಟಿಲ್ ಮಾತ್ರ ವಿದ್ಯೆಯನ್ನು ಮನೆಯೊಳಗೆ ಇಟ್ಟುಕೊಳ್ಳಲಿಲ್ಲ, ಶುಲ್ಕ ಕಟ್ಟಿಸಿಕೊಂಡು ಊರವರಿಗೆ ಕಲಿಸಿದ. ನಾಟಿ ವೈದ್ಯ ವೃತ್ತಿಯಾಗಿ ಬೆಳೆದದ್ದು ಅದರಿಂದ.

ಆ ಶಾಲೆಯ ಮರದ ಕಟ್ಟಡ ಈಗ ವಸ್ತುಸಂಗ್ರಹಾಲಯದ ಒಳಗೇ ಇದೆ. ನಾನು ಬಹಳ ಹೊತ್ತು ನಿಂತದ್ದು ಇನ್ನೊಂದರ ಎದುರು. ಗಾಜಿನ ಹಿಂದೆ ಒಬ್ಬ ಮನುಷ್ಯನ ನರವ್ಯೂಹ, ಬರೀ ನರವ್ಯೂಹ. ಮಿದುಳು, ಅದರಿಂದ ಇಳಿದ ಬೆನ್ನುಹುರಿ, ಅಲ್ಲಿಂದ ಕೈಗೆ ಕಾಲಿಗೆ ಕವಲೊಡೆದ ಬೆಳ್ಳನೆಯ ಎಳೆಗಳು. ಮಾಂಸವಿಲ್ಲ, ಮೂಳೆಯಿಲ್ಲ, ಆದರೂ ಒಬ್ಬ ಮನುಷ್ಯ ನಿಂತಂತೆ ಕಾಣುತ್ತದೆ. 1925ರಲ್ಲಿ ಇಬ್ಬರು ವಿದ್ಯಾರ್ಥಿಗಳು ಮಿದುಳಿನ ಬುಡದಿಂದ ಶುರು ಮಾಡಿ ಸುಮಾರು 1,500 ಗಂಟೆ ಕೂತು ಬಿಡಿಸಿದ್ದು. ಯಾವ ಪಠ್ಯಕ್ರಮವೂ ಇಂಥದ್ದನ್ನು ಮಾಡೆಂದು ಹೇಳಿರಲಾರದು.

ಮೂರನೆಯದು ಸ್ಟಿಲ್‌ನ ಆ ಶಾಲೆಯಿಂದ ಬೆಳೆದ ವಿಶ್ವವಿದ್ಯಾಲಯ 2007ರಲ್ಲಿ ಅರಿಜೋನಾದ ಮರುಭೂಮಿಯ ಮೆಸಾದಲ್ಲಿ ತೆರೆದ ಶಾಲೆ. ಅಲ್ಲಿಗೆ ನಾವು ಹೋಗಲಿಲ್ಲ. ಅಂಗರಚನೆ, ಔಷಧಶಾಸ್ತ್ರ ಎಂಬ ಗೋಡೆಗಳನ್ನು ಅವರು ಕಿತ್ತುಹಾಕಿದ್ದಾರೆ. ಕಾಯಿಲೆ ಸಾವಿರಾರು ಇರಬಹುದು, ರೋಗಿ ಬಾಯಿಬಿಟ್ಟು ಹೇಳುವ ತೊಂದರೆಗಳು 120ರ ಆಸುಪಾಸು ಎಂಬುದು ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ ಲೆಕ್ಕ. ತಲೆಸುತ್ತು, ಕೆಮ್ಮು, ಕಾಲು ಬಾವು. ಅದನ್ನೇ ಹಿಡಿದು ಪಾಠ. ಎರಡನೆಯ ವರ್ಷಕ್ಕೆ ವಿದ್ಯಾರ್ಥಿಗಳನ್ನು ದೇಶದ ಬೇರೆಬೇರೆ ಕಡೆಯ ಬಡವರ ಆರೋಗ್ಯ ಕೇಂದ್ರಗಳಿಗೆ ಕಳಿಸಿಬಿಡುತ್ತಾರೆ. ಸಂಪೆಕಟ್ಟೆ, ನಿಟ್ಟೂರಿನಂಥ ಊರುಗಳಿಗೆ ಒಬ್ಬ ಡಾಕ್ಟರು ಬಂದರೆ ಸಾಕೆಂದು ಕಾಯುವವರಿಗೆ ಇದರ ಬೆಲೆ ಗೊತ್ತು.

ಯಾವ ದಾರಿಯಲ್ಲಿ ಹೋದರೂ ಎಲ್ಲರೂ ಬರೆಯುವುದು ಕಾಮ್‌ಲೆಕ್ಸ್ ಎಂಬ ಒಂದೇ ಪರೀಕ್ಷೆ. 2020ರಿಂದ ಎಂ.ಡಿ.ಗಳೂ ಡಿ.ಓ.ಗಳೂ ಒಂದೇ ವ್ಯವಸ್ಥೆಯಡಿ ಆಸ್ಪತ್ರೆ ತರಬೇತಿಗೆ ಪೈಪೋಟಿ ಮಾಡುತ್ತಾರೆ. ಹಾಗಿದ್ದ ಮೇಲೆ ದಾರಿ ಯಾವುದಾದರೇನು ಎಂದು ಕೇಳಿದೆ. ‘ಸಭಾಂಗಣದಲ್ಲಿ ನಂಗೆ ನಿದ್ದೆ ಬರ‍್ತು, ಮಾತಾಡಿದ್ರೆ ಮಾತ್ರ ತಲೆಗೆ ಹೋಗ್ತು’ ಎಂದಿತು ಕೂಸು. ಇಪ್ಪತ್ತೆರಡರ ಪ್ರಾಯದಲ್ಲಿ ತನ್ನ ತಲೆ ಹೇಗೆ ಕೆಲಸ ಮಾಡುತ್ತದೆಂದು ಅಷ್ಟು ಖಚಿತವಾಗಿ ಗೊತ್ತಿರುವವರನ್ನು ನಾನು ನಮ್ಮ ಕಡೆ ಕಂಡಿಲ್ಲ. ಗೊತ್ತಾಗಲು ಯಾರಾದರೂ ಕೇಳಿರಬೇಕಲ್ಲ.

ನನ್ನ ಓಟು ಕರ್ಕ್ಸ್‌ವಿಲ್ಲಿಗಿತ್ತು, ಆ ಗಾಜಿನ ಪೆಟ್ಟಿಗೆಯೊಂದಕ್ಕಾಗಿಯೇ. ಕೂಸು ಆರಿಸಿಕೊಂಡದ್ದು ಈರಿಯ ಎಂಟು ಮಂದಿಯ ಗುಂಪನ್ನು. ಪಾಠವನ್ನೇ ಮಾಡದ ಮೇಷ್ಟ್ರಿಗೆ ಅಷ್ಟು ಫೀಸು ಯಾಕೆ ಕಟ್ಟಬೇಕೆಂದು ತಂಗಿ ತಗಾದೆ ತೆಗೆದಳು. ಡಾಕ್ಟರಾಗಿ ಹೊರಬೀಳುವಾಗ 2 ಲಕ್ಷ ಡಾಲರಿಗಿಂತ ಹೆಚ್ಚು ಸಾಲ ಹೊತ್ತಿರುವುದು ಆ ದೇಶದಲ್ಲಿ ಮಾಮೂಲು. ಭಾವ ತಮ್ಮ ಹಾಳೆ ತಂದು ಶುಲ್ಕದ ಸಾಲಿಗೆ ಬೆರಳಿಟ್ಟರು: ಖಾಸಗಿ ಕಾಲೇಜುಗಳ ಪೈಕಿ ಅಗ್ಗದ್ದರಲ್ಲಿ ಇದೂ ಒಂದು, ಮನೆಗೂ ಎರಡೇ ಗಂಟೆ ದಾರಿ.